ಕಂಬ ಬರೆದ ಸಾಕ್ಷಿ

ಕರೇಕಲ್ಲಿನ ಹತ್ತಿ ಮಿಲ್ಲಿನಲ್ಲಿ ಹೆಂಗಸರು ಕೂತು ಹತ್ತಿ ಆರಿಸುತ್ತಿದ್ದಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಲಾಯಿತು. ಒಳಗೆ ಬೆಂಕಿ ಹೊತ್ತಿತು. ಒಂಬತ್ತು ಮಂದಿ ಸುಟ್ಟು ಸತ್ತರು. ಬೀಗ ಹಾಕಿದ ಮೇಲ್ವಿಚಾರಕ ಪಂಪಾಪತಿ ಜಾಮೀನು ಪಡೆದು ಹೊರಬಂದು, ಅದೇ ಮಾಲೀಕನ ಇನ್ನೊಂದು ಮಿಲ್ಲಿನಲ್ಲಿ ಅದೇ ಕೆಲಸಕ್ಕೆ ಸೇರಿದ.

ಬದುಕಿ ಉಳಿದವಳು ನಿಂಗಮ್ಮ ಒಬ್ಬಳೇ. ಅವಳು ಕೂತಿದ್ದು ಗಾಳಿಕಿಂಡಿಯ ಪಕ್ಕ. ಬೀಗ ಹಾಕಿದ ಕೈಯನ್ನೂ ಆ ಕೈಯವನ ಮುಖವನ್ನೂ ಕಂಡವಳು ಅವಳು. ಗೋಡೆ ಒಡೆದು ಅವಳನ್ನು ಎಳೆದು ತೆಗೆಯುವಷ್ಟರಲ್ಲಿ ಗಂಟಲು ಹೊಗೆಯಲ್ಲಿ ಬೆಂದುಹೋಗಿತ್ತು. ಈಗ ದಿನಕ್ಕೆ ಒಂದು ಹಿಡಿ ಮಾತು ಹೊರಡುತ್ತಿತ್ತು, ಆಮೇಲೆ ಬರೀ ಗಾಳಿ. ಆ ಹಿಡಿಯೂ ಹೆಚ್ಚು ಕಾಲ ಉಳಿಯುವುದಿಲ್ಲವೆಂದು ದವಾಖಾನೆಯವರು ಹೇಳಿ ಕಳಿಸಿದ್ದರು.

ಅವಳು ಸಾಕ್ಷಿ ಹೇಳಲು ಬಂದ ದಿನ ಕೋರ್ಟಿನ ವರದಿಗಾರ್ತಿಯ ಕುರ್ಚಿಯಲ್ಲಿ ಕೂತಿದ್ದವಳು ಅಂಬಿಕಾ. ಆ ಕುರ್ಚಿಗೆ ಬರಲು ಅವಳು ಎರಡು ವಿದ್ಯೆ ಕಲಿಯಬೇಕಾಗಿತ್ತು. ಮೊದಲನೆಯದು ಬರೆಯುವ ವಿದ್ಯೆ. ಎರಡನೆಯದು ಬರೆಯದೆ ಇರುವ ವಿದ್ಯೆ.

ಬರೆಯುವ ವಿದ್ಯೆಯನ್ನು ಕಲಿಸಿದವರು ಖಾಜಾ ಹುಸೇನ್ ಮಾಸ್ತರರು. ಕೋರ್ಟಿನಲ್ಲಿ ಸ್ಟೆನೋ ಆಗಿ ನಿವೃತ್ತರಾದ ಮೇಲೆ ಬಸ್ ನಿಲ್ದಾಣದ ಹಿಂದಿನ ಟೈರ್ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು ಟೈಪಿಂಗ್, ಶೀಘ್ರಲಿಪಿ ಕಲಿಸುತ್ತಿದ್ದರು. ಕೈ ಮೇಲೆ ಟವೆಲ್ ಹೊದಿಸಿ, ಕೀಲಿ ನೋಡದೆ ಟೈಪ್ ಮಾಡಿಸುತ್ತಿದ್ದರು. ಅದು ಕೈಗೆ ಹತ್ತಿದ ಮೇಲೆ ಶೀಘ್ರಲಿಪಿಯ ತೆಳುಗೆರೆ, ದಪ್ಪಗೆರೆ, ಸ್ವರಕ್ಕೊಂದು ಚುಕ್ಕಿ. ಗಡಿಯಾರ ಹಿಡಿದು ಪತ್ರಿಕೆಯ ಸಂಪಾದಕೀಯ ಓದುತ್ತಾ ಹೋಗುವರು; ಹಿಂದೆ ಬಿದ್ದವರ ಬೆನ್ನಿಗೆ ಪತ್ರಿಕೆಯನ್ನೇ ಸುರುಳಿ ಸುತ್ತಿ ಒಂದು ಕೊಡುವರು. "ಸಂಪಾದಕೀಯ ಯಾರು ಬೇಕಾದ್ರೂ ಬರೀತಾರ. ನೀರಿನ ನಳದ ಹತ್ರ ಹೋಗಿ ಜಗಳ ಬರಕೊಂಡು ಬರ್ರಿ, ಆವಾಗ ನಿಮಗ ಸ್ಟೆನೋ ಅಂತೀನಿ," ಎನ್ನುತ್ತಿದ್ದರು. ಅಂಬಿಕಾ ನಳದ ಜಗಳ ಬರೆದಳು, ಸಂತೆಯ ಚೌಕಾಸಿ ಬರೆದಳು, ಅವ್ವ ಬಾಳಮ್ಮನ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತಾ ಲಾರಿ ಡ್ರೈವರುಗಳು ಆಡುವ ಪೋಲಿ ಮಾತನ್ನೂ ಬಿಡದೆ ಬರೆದಳು. ಜೂನಿಯರ್ ಪರೀಕ್ಷೆ ಮುಗಿಸಿದಳು, ಸೀನಿಯರ್ ಮುಗಿಸಿದಳು.

ಅಷ್ಟರಲ್ಲಿ ಕಂಬ ಬಂತು.

ಸಾಕ್ಷಿಕಟ್ಟೆಯ ಪಕ್ಕ ಎದೆಯೆತ್ತರಕ್ಕೆ ನಿಂತಿರುವ, ತಾಮ್ರದ ಜಾಲರಿ ಹೊದ್ದ ಬೂದು ಬಣ್ಣದ ಕಂಬ. ಸರ್ಕಾರದ ಕಾಗದದಲ್ಲಿ ಅದರ ಹೆಸರು ಶ್ರುತಲೇಖ ಸ್ತಂಭ. ಎಂಥ ಆಡುಮಾತನ್ನು ಆಡಿದರೂ ಕೇಳಿಸಿಕೊಂಡು, ಕೋರ್ಟಿನ ಕನ್ನಡಕ್ಕೆ ತಿದ್ದಿ, ಪರದೆಯ ಮೇಲೆ ಬರೆಯುತ್ತದೆ. ಇದನ್ನು ಜನರ ಮೇಲೆ ಯಾರೂ ಹೇರಲಿಲ್ಲ ಎಂಬುದೇ ಹೊಟ್ಟೆ ಉರಿಯುವ ಸಂಗತಿ. ಮುಂಚೆ ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ತಮಗೆ ತಿಳಿದಂತೆ ಸ್ಟೆನೋಗೆ ಹೇಳಿ ಬರೆಸುತ್ತಿದ್ದರು. ಕೂಲಿ ಹೆಂಗಸೊಬ್ಬಳು ಬೆಳಗಿನಿಂದ ಎದೆ ಬಡಿದುಕೊಂಡು ಹೇಳಿದ್ದು ಸಂಜೆಗೆ ಒಂದೂವರೆ ಸಾಲಾಗಿ ಕಾಗದಕ್ಕೆ ಇಳಿಯುತ್ತಿತ್ತು. ನಮ್ಮ ಮಾತು ನಮ್ಮ ಮಾತಾಗಿಯೇ ದಾಖಲಾಗಲಿ ಎಂದು ಜನ ಬೀದಿಗಿಳಿದರು, ಲಾಠಿ ತಿಂದರು. ಅವರು ಕೇಳಿದ್ದು ಕಿವಿ. ಸರ್ಕಾರ ಕೊಟ್ಟದ್ದು ಕಂಬ.

ಕಂಬದ ಜೊತೆ ಹೊಸ ನಿಯಮಗಳೂ ಬಂದವು. ಕಂಬ ಕೇಳಿದ್ದು ಮಾತ್ರ ದಾಖಲೆ. ನ್ಯಾಯಾಧೀಶರು ಕಣ್ಣಾರೆ ಕಂಡರೂ ಒಂದಕ್ಷರ ಸೇರಿಸುವಂತಿಲ್ಲ. ಯಾವ ಪ್ರಶ್ನೆಯ ಮುಂದೂ ಉತ್ತರದ ಜಾಗ ಖಾಲಿ ಇರುವಂತಿಲ್ಲ. ಹಳೆಯ ಕಾಲದ ಒಂದೇ ಒಂದು ಪದ್ಧತಿ ಉಳಿಯಿತು. ಹೇಳಿಕೆಯನ್ನು ಸಾಕ್ಷಿಗೆ ಮನುಷ್ಯರೊಬ್ಬರು ಓದಿ ಹೇಳಬೇಕು. ಓದಿದವರು ಕೊನೆಗೆ, "ಓದಿ ಹೇಳಲಾಯಿತು, ಸಾಕ್ಷಿ ಕೇಳಿ ಸರಿಯೆಂದು ಒಪ್ಪಿಕೊಂಡರು," ಎಂದು ತಮ್ಮ ಬಾಯಿಂದ ಹೇಳಬೇಕು. ಆ ವಾಕ್ಯ ಬಿದ್ದ ಮೇಲೆ ಹೇಳಿಕೆ ಮೊಹರಾದಂತೆ, ಮೇಲಿನವರು ಬಂದರೂ ಅದು ಅಲುಗುವುದಿಲ್ಲ. ಕೋರ್ಟಿನ ವರದಿಗಾರರಿಗೆ ಉಳಿದ ಕೆಲಸ ಇದಿಷ್ಟೇ.

ಹಾಗಾಗಿ ಅಂಬಿಕಾ ಎರಡನೆಯ ವಿದ್ಯೆಯನ್ನು ಕಲಿತಳು. ಹೊಸ ಪರೀಕ್ಷೆಯಲ್ಲಿ ವೇಗವನ್ನು ಯಾರೂ ಕೇಳಲಿಲ್ಲ. ಕಂಬ ಬರೆಯುವುದನ್ನು ನೋಡುತ್ತಾ ಕೂರಿಸಿದರು; ತಪ್ಪು ಕಂಡರೆ ತಿದ್ದುವ ಗುಂಡಿ ಒತ್ತಬಹುದು. ಆದರೆ ಹೆಚ್ಚು ಒತ್ತಿದವರು ನಪಾಸು. ಕಂಬ ತಪ್ಪುವುದು ಅಪರೂಪ, ಆದ್ದರಿಂದ ಪದೇಪದೇ ತಿದ್ದುವವರ ಕಿವಿಯಲ್ಲೇ ದೋಷವಿದೆ ಎಂಬುದು ಅವರ ಲೆಕ್ಕ. ಅಂಬಿಕಾ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು ಪಾಸಾದಳು. ಅವಳ ಪರೀಕ್ಷಾರ್ಥ ಅವಧಿ ಮುಗಿಯಲು ಇನ್ನು ಕೆಲವೇ ವಾರ ಇತ್ತು. ಆಮೇಲೆ ನೌಕರಿ ಖಾಯಂ.

ನಿಂಗಮ್ಮ ಕಟ್ಟೆ ಹತ್ತಿದಳು. ಸರ್ಕಾರಿ ವಕೀಲರು ಕ್ರಮ ತಪ್ಪದ ಮನುಷ್ಯ. ಹೆಸರು ಕೇಳಿದರು, ಊರು ಕೇಳಿದರು, ಗಂಡ ಏನು ಮಾಡುತ್ತಾನೆ ಎಂದು ಕೇಳಿದರು. ಎಷ್ಟು ವರ್ಷದಿಂದ ಮಿಲ್ಲಿಗೆ ಹೋಗುತ್ತಿದ್ದೆ, ಕೂಲಿ ವಾರಕ್ಕೋ ದಿನಕ್ಕೋ, ಅಂದು ಎಷ್ಟೊತ್ತಿಗೆ ಮನೆ ಬಿಟ್ಟೆ. ನಿಂಗಮ್ಮ ಕಂಬಕ್ಕೆ ಬಾಯಿ ಹಚ್ಚಿ, ಒಂದೊಂದಕ್ಕೂ ಉಸಿರು ಕಟ್ಟಿ ಉತ್ತರ ಹೇಳಿದಳು. ಅಂದಿನ ಹಿಡಿ ಮಾತೆಲ್ಲ ಇದಕ್ಕೇ ಖರ್ಚಾಯಿತು.

"ಬೀಗ ಯಾರು ಹಾಕಿದರು?" ಎಂದು ವಕೀಲರು ಕೇಳಿದಾಗ ಅವಳ ಬಾಯಿಂದ ಗಾಳಿ ಬಂತು.

ನಿಂಗಮ್ಮ ಬಾಯಿ ಮುಚ್ಚಿದಳು. ಸುಟ್ಟು ಸುರುಟಿದ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದಳು. ಹೆಬ್ಬೆರಳು, ತೋರುಬೆರಳು ಕೂಡಿಸಿ ಗಾಳಿಯಲ್ಲಿ ಕೀಲಿ ತಿರುವಿದಳು. ಕೀಲಿ ತೆಗೆದು ಕಿಸೆಗೆ ಹಾಕಿಕೊಂಡಂತೆ ಮಾಡಿದಳು. ಆಮೇಲೆ ಆ ಕೈಯನ್ನು ನೇರ ಚಾಚಿ, ಎದುರಿಗೆ ನಿಂತಿದ್ದ ಪಂಪಾಪತಿಯತ್ತ ಬೆರಳು ಮಾಡಿದಳು. ಇಳಿಸಲಿಲ್ಲ. ಹಿಂದೆ ಕೂತ ಜನ ಗುಜುಗುಟ್ಟಿತು. ಪಂಪಾಪತಿ ತಲೆ ತಗ್ಗಿಸಿದ. ನ್ಯಾಯಾಧೀಶೆ ವೈಜಯಂತಿ ಕನ್ನಡಕ ಮೇಲೆ ಮಾಡಿ ಆ ಕೈಯನ್ನೇ ನೋಡಿದರು. ಅವರು ನೋಡಿದ್ದನ್ನು ಅಂಬಿಕಾ ನೋಡಿದಳು.

ಪರದೆಯ ಮೇಲೆ ಅಕ್ಷರ ಮೂಡಿತು. "ಉತ್ತರ: ನನಗೆ ನೆನಪಿಲ್ಲ ಸ್ವಾಮಿ."

ಅಂಬಿಕಾ ತಿದ್ದುವ ಗುಂಡಿ ಒತ್ತಿದಳು. ಸಾಕ್ಷಿ ಮಾತಾಡಲಿಲ್ಲ, ಬೀಗ ಹಾಕುವ ಸನ್ನೆ ಮಾಡಿ ಆರೋಪಿಯ ಕಡೆ ಬೆರಳು ತೋರಿಸಿದರು ಎಂದು ಟೈಪ್ ಮಾಡಿದಳು. "ಧ್ವನಿ ಆಧಾರವಿಲ್ಲ. ತಿದ್ದುಪಡಿ ತಿರಸ್ಕೃತ," ಎಂದಿತು ಪರದೆ.

"ಬಾಯಿಬಿಟ್ಟು ಹೇಳವ್ವಾ," ಸರ್ಕಾರಿ ವಕೀಲರು ಗೋಗರೆದರು. "ಕಂಬಕ್ಕ ಕಣ್ಣಿಲ್ಲ."

ನಿಂಗಮ್ಮ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಗಂಟಲು ಕಿತ್ತು ಬರುವಂತೆ ತಿಣುಕಿದಳು. ಬಂದದ್ದು ಕೆಮ್ಮು, ಕೆಮ್ಮಿನ ಹಿಂದೆ ರಕ್ತ.

ಪಂಪಾಪತಿಯ ವಕೀಲರು ಕೂತಲ್ಲಿಂದಲೇ ನಕ್ಕರು. "ಪ್ರಶ್ನೆ ಕೇಳಿದ್ದಾಗಿದೆ, ಉತ್ತರ ದಾಖಲಾಗಿದೆ ಮೇಡಮ್. ಮುಗಿದ ಪ್ರಶ್ನೆಯನ್ನು ಮತ್ತೆ ಕೇಳೋಕೆ ನಿಯಮದಲ್ಲಿ ಅವಕಾಶ ಇಲ್ಲ. ನಮ್ಮದು ಪಾಟೀಸವಾಲು ಇಲ್ಲ." ಯಾಕೆ ಬೇಕು ಪಾಟೀಸವಾಲು? ಕಂಬವೇ ಅವರ ಕೆಲಸವನ್ನು ಪುಕ್ಕಟೆ ಮಾಡಿಕೊಟ್ಟಿತ್ತು.

ವೈಜಯಂತಿ ಕನ್ನಡಕ ಇಳಿಸಿ, "ನಾಳೆ ಬೆಳಿಗ್ಗೆ ಓದಿ ಹೇಳಿ ಒಪ್ಪಿಗೆ ತಗೊಳ್ಳಿ," ಎಂದು ಮುಂದಿನ ಪ್ರಕರಣ ಕರೆಸಿದರು.

ಕಂಬಗಳ ತಂತಿಯೆಲ್ಲ ಹೋಗಿ ಸೇರುವುದು ಕೋರ್ಟಿನ ಮಾಳಿಗೆಯ ನಿಯಂತ್ರಣ ಕೋಣೆಗೆ. ಎಂಜಿನಿಯರ್ ಜಯತೀರ್ಥ ಅಲ್ಲಿ ಪರದೆಗಳ ಮುಂದೆ ಮಂಡಾಳ ಒಗ್ಗರಣೆ, ಮಿರ್ಚಿಯ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದ. ಮಧ್ಯಾಹ್ನದ ವಿರಾಮದಲ್ಲಿ ಅಂಬಿಕಾ ಹೋಗಿ ಅವನೆದುರು ನಿಂತಳು.

"ಬರ್ರಿ ಅಂಬಿಕಾ. ಮಿರ್ಚಿ ತಗೋರಿ, ಬಿಸಿ ಅವ."

"ಸರ್, ಕಂಬ ತಪ್ಪು ಬರದೈತಿ."

"ಕಂಬ ತಪ್ಪು ಬರಿಯೂದಿಲ್ರಿ. ಹೆಚ್ಚು ಸಂಭವ ಯಾವುದು ಅದನೋ, ಅದನ್ನ ಬರೀತದ."

"ಆಕಿ ಮಾತೇ ಆಡಲಿಲ್ಲ. ನೆನಪಿಲ್ಲ ಅಂತ ಎಲ್ಲಿಂದ ಬಂತು?"

ಜಯತೀರ್ಥ ಕೈ ಒರೆಸಿಕೊಂಡ. ವಿವರಿಸಿ ಹೇಳುವುದು ಅವನಿಗೆ ಖುಷಿಯ ಕೆಲಸ, ಕೇಳುವವರೇ ಸಿಗುತ್ತಿರಲಿಲ್ಲ. ಕಂಬಕ್ಕೆ ಮಾತು ಕಲಿಸಲು ಈ ಸೀಮೆಯ ಹಳೆಯ ಸಾಕ್ಷಿ ಕಾಗದಗಳನ್ನೆಲ್ಲ ಅದಕ್ಕೆ ಉಣಿಸಿದ್ದರು, ಎಷ್ಟೋ ದಶಕಗಳದ್ದು. ಆ ಕಾಗದಗಳ ಜೊತೆ ಸಿಕ್ಕಷ್ಟು ಧ್ವನಿಸುರುಳಿಗಳನ್ನೂ ಹೊಂದಿಸಿದ್ದರು. ಎಲ್ಲೆಲ್ಲಿ ಕೂಲಿಯವರು ಸುಮ್ಮನೆ ನಿಂತಿದ್ದರೋ ಅಲ್ಲೆಲ್ಲ ಕಾಗದದಲ್ಲಿ "ನೆನಪಿಲ್ಲ" ಎಂದಿತ್ತು. ಹಾಗೆ ಬರೆಸುವುದು ಹಿಂದಿನವರ ರೂಢಿ. ಕಂಬ ಆ ರೂಢಿಯನ್ನೂ ನಿಷ್ಠೆಯಿಂದ ಕಲಿಯಿತು.

"ಎಲ್ಲಾರೂ ಸುಮ್ನಿದ್ರ ಹಂಗೇ ಬರೀತೈತೇನು?"

"ಇಲ್ರಿ, ಅದರೊಳಗ ಮಜಾ ಅದ. ಮೊದಲ ಆಡಿದ ನಾಕು ಮಾತಿನ ಮ್ಯಾಲೆ ಯಾರು, ಎಂಥವರು ಅಂತ ತಿಳ್ಕೊಳ್ತದ. ಮಿಲ್ಲಿನ ಮಾಲೀಕರು ಬಂದಿದ್ರಲ್ಲಾ, ಬೀಗ ಹಾಕ್ರಿ ಅಂದೋರು ಯಾರು ಅಂತ ಕೇಳಿದಾಗ ಗಪ್ಪನ ನಿಂತ್ರು. ಕಂಬ ಏನ್ ಬರೀತು ಗೊತ್ತೇನು? 'ವಕೀಲರ ಸಲಹೆ ಪಡೆದು ತಿಳಿಸುತ್ತೇನೆ.' ನಾನೂ ಕುಂತು ನೋಡೇನಿ. ನನಗ 'ಕಾಗದಪತ್ರ ನೋಡಿ ಹೇಳಬೇಕಾಗುತ್ತದೆ' ಅಂತ ಬರೀತು." ಹೆಮ್ಮೆಯಿಂದ ನಕ್ಕ. "ನೀವೂ ನೋಡ್ರಿ ಬೇಕಿದ್ರ."

ಮೂಲೆಯಲ್ಲಿ ಪರೀಕ್ಷೆಯ ಕಂಬವೊಂದಿತ್ತು. ಅಂಬಿಕಾ ಅದರ ಮುಂದೆ ನಿಂತು ತನ್ನ ಹೆಸರು, ಊರು, ಅವ್ವನ ಕೆಲಸ ಹೇಳಿದಳು. ಸೀನಿಯರ್ ಶೀಘ್ರಲಿಪಿಯಲ್ಲಿ ಜಿಲ್ಲೆಗೆ ಮೊದಲು ಬಂದವಳೆಂಬುದನ್ನೂ ಹೇಳಿದಳು. ಜಯತೀರ್ಥ ಕೇಳಿದ: "ಬೀಗ ಯಾರು ಹಾಕಿದರು?"

ಅವಳು ತುಟಿ ಬಿಗಿಹಿಡಿದು ಸುಮ್ಮನೆ ನಿಂತಳು.

"ಉತ್ತರ: ನನಗೆ ನೆನಪಿಲ್ಲ ಸ್ವಾಮಿ," ಎಂದು ಬರೆಯಿತು ಕಂಬ.

ಸ್ವಾಮಿ! ಅಂಬಿಕಾಳ ಮೈಯ ರಕ್ತವೆಲ್ಲ ಮುಖಕ್ಕೆ ಏರಿತು. ಕೈ ಮುಗಿದು ಬೆನ್ನು ಬಾಗಿಸಿದ ಅವ್ವನ ಅವ್ವ, ಅವಳ ಅವ್ವ, ಎಲ್ಲರನ್ನೂ ಕಂಬ ಅಂಬಿಕಾಳ ಬಾಯಿಂದ ಎಳೆದು ಹೊರಗೆ ನಿಲ್ಲಿಸಿತ್ತು. ಜಯತೀರ್ಥ ಪರದೆ ನೋಡಿ ನಗು ನುಂಗಿಕೊಂಡ. "ಅದಕ್ಕ ಏನೂ ತಿಳಕೋಬ್ಯಾಡ್ರಿ. ಅದು ಲೆಕ್ಕ ಅಷ್ಟ."

"ನಾಳೆ ನಾ ಒಪ್ಪಿಗಿ ಹೇಳಲಿಲ್ಲಂದ್ರ ಏನಾಗ್ತೈತಿ?"

ಅವನ ಕೈಯ ಮಿರ್ಚಿ ಬಾಯಿಯ ಹತ್ತಿರ ನಿಂತಿತು. "ಹೇಳಿಕೆ ರದ್ದಾಗ್ತದ. ನಿಯಮದೊಳಗ ಹಂಗ ಅದ. ಮನುಷ್ಯರ ಕೈಯಿಂದ ಬರೆಸಿ ಮರುವಿಚಾರಣೆ ಮಾಡಬೇಕು. ಸನ್ನೆ ಮಾಡಿದ್ರ ಸನ್ನೆ ಅಂತನೂ ಬರೀಬಹುದು. ಆದ್ರ ಈ ರಾಜ್ಯದಾಗ ಇನ್ನೂ ತನಕ ಒಬ್ಬರೂ ಹಂಗ ಮಾಡಿಲ್ರಿ. ಮಾಡಿದೋರ ನೌಕರಿ ಉಳಿಯೂದಿಲ್ಲ."

"ಸುಮ್ನ ಕುಂತ್ರ?"

"ಸುಮ್ನ ಕುಂತ್ರ ಕಂಬ ನಿಮ್ಮ ಪರವಾಗಿ ಒಪ್ಪಿಗಿ ಬರಕೊಳ್ತದ. ಈಗ ನೋಡಿದ್ರಲ್ಲಾ," ಎಂದ ಜಯತೀರ್ಥ. ಈ ಸಲ ಅವನು ನಗಲಿಲ್ಲ.

ಸಂಜೆ ಖಾನಾವಳಿಯಲ್ಲಿ ಬಾಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಖಾಜಾ ಮಾಸ್ತರರು ದಿನದಂತೆ ಗೋಡೆಗೆ ಒರಗಿ, ತಾಟು ಮುಂದಿಟ್ಟುಕೊಂಡು ಕೂತಿದ್ದರು. ಅಂಬಿಕಾ ಇಬ್ಬರಿಗೂ ಎಲ್ಲವನ್ನೂ ಹೇಳಿದಳು. ಸ್ವಾಮಿ ಎಂದು ಬರೆದದ್ದನ್ನು ಮಾತ್ರ ಹೇಳಲಿಲ್ಲ.

ಮಾಸ್ತರರು ಉಳ್ಳಾಗಡ್ಡಿಯನ್ನು ಮುಷ್ಟಿಯಲ್ಲಿ ಗುದ್ದಿ ಒಡೆದರು. "ನಾವೂ ಹಂಗೇ ಬರೀತಿದ್ವಿ ಬೇಟಿ. ಹೆಂಗಸು ಸುಮ್ನ ನಿಂತ್ರ ಸಾಹೇಬ್ರು, ಹ್ಞೂಂ, ನೆನಪಿಲ್ಲ ಅಂತ ಬರಿ ಅಂತಿದ್ರು. ಸುಮ್ನಿದ್ದದ್ದಕ್ಕ ಶೀಘ್ರಲಿಪಿಯೊಳಗ ಗೆರಿ ಎಲ್ಲೈತಿ? ಊಟದ ಹೊತ್ತು ಬ್ಯಾರೆ ಆಗಿರ್ತಿತ್ತು."

"ಹಂಗ ಬರದಿದ್ದಕ್ಕ ಯಾರಿಗೆ ಏನಾತು ಅಂತ ನೋಡಿದ್ರೇನ್ರೀ ಮಾಸ್ತರ್?"

"ನೋಡೂದು ನಮ್ಮ ಕೆಲಸ ಅಲ್ಲ. ವರದಿಗಾರನಿಗೆ ಅಭಿಪ್ರಾಯ ಇರಬಾರ್ದು. ನಿನಗ ಮೊದಲನೇ ದಿನಾನೇ ಹೇಳಿದ್ದೆ."

"ಅಭಿಪ್ರಾಯ ಅಲ್ರೀ. ನಾ ಕಣ್ಣಿಂದ ಕಂಡದ್ದು."

ಮಾಸ್ತರರು ಪಲ್ಯಕ್ಕೆ ಕೈ ಹಾಕಿದರು. ಅವರ ಆ ಸುಮ್ಮನಿರುವಿಕೆಗೆ ಕಂಬ ಏನು ಬರೆಯುತ್ತಿತ್ತೋ ಎಂದು ಅಂಬಿಕಾಗೆ ಅನ್ನಿಸಿತು.

ಬಾಳಮ್ಮ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲೇ ತಿರುವಿ ಹಾಕಿದಳು. "ಕೇಳಿಲ್ಲಿ. ಈ ಒಲಿ ಮುಂದ ಕುಂತು ನನ್ನ ಕಣ್ಣು ಎಂಥವು ಆಗ್ಯಾವ ನೋಡೀಯಿಲ್ಲ. ನೀ ಖಾಯಂ ಆದ ದಿನ ಇದರ ಮ್ಯಾಲೆ ಒಂದು ಕೊಡ ನೀರು ಸುರುವಿ ಎದ್ದು ಬರ್ತೀನಿ ಅಂತ ನಾ ಕಾಯಕತ್ತೀನಿ. ಒಂದು ಮಾತು ಹೇಳಾಕ ನಿನಗ ಬಾಯಿ ನೋಯ್ತೈತೇನು? ನೀ ಹೇಳಲಿಲ್ಲಂದ್ರ ಸತ್ತೋರು ಎದ್ದು ಬರ್ತಾರೇನು?"

"ನಿಂಗಮ್ಮ ಸತ್ತಿಲ್ಲ ಬೇ."

"ನಾನೂ ಸತ್ತಿಲ್ಲ," ಎಂದಳು ಬಾಳಮ್ಮ. ಹೊಗೆಗೆ ಕಣ್ಣು ಒರೆಸಿಕೊಂಡಳೋ ಇನ್ನೇತಕ್ಕೋ, ಅಂಬಿಕಾಗೆ ತಿಳಿಯಲಿಲ್ಲ. ತಾಯಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟವಾಗಿತ್ತು. ಬಡವರನ್ನು ಬಡವರ ಎದುರಿಗೇ ತಕ್ಕಡಿಯಲ್ಲಿ ಕೂರಿಸಿ, ಯಾರನ್ನು ಕೆಳಗಿಳಿಸುತ್ತೀ ನೀನೇ ಹೇಳು ಎಂದು ಕೇಳುವುದು ಈ ಲೋಕದ ಹಳೆಯ ಆಟ. ತಕ್ಕಡಿ ಹಿಡಿದವನ ಕೈಯನ್ನು ಯಾರೂ ನೋಡುವುದಿಲ್ಲ.

ಬೆಳಿಗ್ಗೆ ನಿಂಗಮ್ಮನನ್ನು ಅವಳ ನಾದಿನಿ ತೋಳು ಹಿಡಿದು ಕರೆತಂದಳು. "ದನಿ ಪೂರಾ ಹೋಗೈತ್ರಿ ಅಕ್ಕಾರ," ಎಂದಳು ಅಂಬಿಕಾಗೆ. "ನಿನ್ನೆ ಕೆಮ್ಮಿದಾಕಿ ಆಮ್ಯಾಲೆ ಉಸುರೇ ಎತ್ತವಲ್ಲಳು. ಡಾಕ್ಟ್ರು ಇನ್ನ ಬರೂದಿಲ್ಲ ಅಂದ್ರು. ಇವತ್ತು ಓದಿದ್ರ ಮುಗೀತಲ್ರೀ? ಆಕಿ ತೋರಿಸಿದ್ದನ್ನ ಬರಕೊಂಡೀರಲ್ಲಾ?"

ಅಂಬಿಕಾಗೆ ಅವಳ ಮುಖ ನೋಡಲಾಗಲಿಲ್ಲ.

ವೈಜಯಂತಿ ಬಂದು ಕೂತರು. ಪಂಪಾಪತಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದ. ಅವನ ವಕೀಲರು ಬಿಡುಗಡೆಯ ಅರ್ಜಿಯನ್ನು ಆಗಲೇ ಸಿದ್ಧ ಮಾಡಿಕೊಂಡು, ಕೈಯಲ್ಲಿ ಬೀಸಣಿಗೆಯಂತೆ ಆಡಿಸುತ್ತಿದ್ದರು. ಅಂಬಿಕಾ ಎದ್ದು ನಿಂತು ಹೇಳಿಕೆ ಓದತೊಡಗಿದಳು. ಹೆಸರು, ಊರು, ಗಂಡ, ಕೂಲಿ. ನಿಂಗಮ್ಮ ಒಂದೊಂದಕ್ಕೂ ತಲೆ ಆಡಿಸುತ್ತಿದ್ದಳು, ಶಾಲೆಯಲ್ಲಿ ಪಾಠ ಒಪ್ಪಿಸುವ ಮಗುವನ್ನು ಹುರಿದುಂಬಿಸುವಂತೆ.

"ಬೀಗ ಯಾರು ಹಾಕಿದರು?" ಅಂಬಿಕಾ ಓದಿದಳು. "ನನಗೆ ನೆನಪಿಲ್ಲ ಸ್ವಾಮಿ."

ನಿಂಗಮ್ಮನ ತಲೆ ನಿಂತಿತು. ತಪ್ಪು ಕೇಳಿಸಿತೇನೋ ಎಂಬಂತೆ ನಾದಿನಿಯತ್ತ ನೋಡಿದಳು. ಆಮೇಲೆ ಎರಡೂ ಕೈ ಎತ್ತಿ, ಅಲ್ಲ ಅಲ್ಲ ಅಲ್ಲ ಎಂದು ಬೀಸಿದಳು. ಸುಟ್ಟ ಕೈಯಿಂದ ಮತ್ತೆ ಕೀಲಿ ತಿರುವಿದಳು. ಕಟ್ಟೆಯ ಮರಕ್ಕೆ ಹಣೆ ಚಚ್ಚಿಕೊಂಡಳು. ಕಂಬದ ಪರದೆಯಲ್ಲಿ ಶಾಂತವಾಗಿ ಅಕ್ಷರ ಮೂಡಿತು. "ಸಾಕ್ಷಿ ಆಕ್ಷೇಪಿಸಲಿಲ್ಲ."

"ಒಪ್ಪಿಗೆ ಹೇಳಿ ಅಂಬಿಕಾ," ಎಂದರು ವೈಜಯಂತಿ. ಅವರ ಕಣ್ಣು ಮೇಜಿನ ಮೇಲಿತ್ತು.

ಕಂಬದ ತಲೆಯ ಮೇಲಿನ ಹಸಿರು ದೀಪ ಹೊತ್ತಿಕೊಂಡಿತು. ಅದು ಆರುವಷ್ಟರಲ್ಲಿ ಅವಳು ಬಾಯಿ ಬಿಡಬೇಕು. ಬಿಡದಿದ್ದರೆ ಅವಳ ಮಾತನ್ನೂ ಕಂಬವೇ ಆಡುತ್ತದೆ. ಕೈಕಟ್ಟಿ ಕೂರುವುದನ್ನೂ ಒಪ್ಪಿಗೆ ಎಂದು ಬರೆದುಕೊಳ್ಳುವ ಕಾಲ ಬಂದಿತ್ತು. ಒಲೆಯ ಮುಂದಿನ ಅವ್ವನ ಬೆನ್ನು ಕಣ್ಣ ಮುಂದೆ ಬಂತು, ಬಂದು ಅಲ್ಲೇ ನಿಂತಿತು. ಹೋಗಲಿಲ್ಲ. ಅದನ್ನು ನೋಡುತ್ತಲೇ ಅವಳು ಕಂಬದ ಕಡೆ ಬಾಗಿದಳು.

"ಓದಿ ಹೇಳಲಾಯಿತು," ಎಂದಳು.

ವಕೀಲರು ಅರ್ಜಿ ಬೀಸುವುದನ್ನು ನಿಲ್ಲಿಸಿ ಎದ್ದು ನಿಂತರು. ಪಂಪಾಪತಿ ಅಂಗಿಯ ತೋಳು ಸರಿಮಾಡಿಕೊಂಡ.

"ಸಾಕ್ಷಿ ಒಪ್ಪಿಕೊಳ್ಳಲಿಲ್ಲ. ಎರಡೂ ಕೈ ಬೀಸಿ ಅಲ್ಲ ಅಂದರು. ನೆನಪಿಲ್ಲ ಅಂತ ನಿನ್ನೆಯೂ ಹೇಳಿರಲಿಲ್ಲ. ಪಂಪಾಪತಿಯ ಕಡೆ ಬೆರಳು ತೋರಿಸಿದ್ದರು. ನಾನು ಕಂಡಿದ್ದೇನೆ."

ಧ್ವನಿ ಇತ್ತು, ಆಧಾರ ಇತ್ತು. ಕಂಬ ಅಕ್ಷರ ಬಿಡದೆ ಬರೆದುಕೊಂಡಿತು.

"ಆಕ್ಷೇಪಣೆ ಮೇಡಮ್!" ವಕೀಲರು ಕಿರುಚಿದರು. "ವರದಿಗಾರ್ತಿ ಸಾಕ್ಷಿ ಹೇಳುವ ಹಾಗಿಲ್ಲ!"

ವೈಜಯಂತಿ ಕೈ ಎತ್ತಿ ಅವರನ್ನು ತಡೆದರು. ಮೊದಲ ಸಲ ತಲೆಯೆತ್ತಿ ಅಂಬಿಕಾಳನ್ನು ನೋಡಿದರು. ದನಿ ಗಟ್ಟಿಯಾಗಿರಲಿಲ್ಲ, ಆದರೆ ಅದರಲ್ಲಿ ಸಡಿಲವೂ ಇರಲಿಲ್ಲ. "ನೋಡಮ್ಮಾ, ನಿನಗೆ ಇನ್ನೂ ಖಾಯಂ ಆಗಿಲ್ಲ. ಇದು ನಿನ್ನ ಕೆಲಸದ ಒಂದೇ ಒಂದು ವಾಕ್ಯ. ಈಗ ಹೇಳಿದ್ದನ್ನು ಹಿಂತೆಗೆದುಕೊಂಡು, ಅದನ್ನು ಇದ್ದ ಹಾಗೆ ಪೂರ್ತಿ ಹೇಳು. ನಾನು ಆದೇಶ ಮಾಡ್ತಿದ್ದೇನೆ."

ಹಸಿರು ದೀಪ ಮತ್ತೆ ಹೊತ್ತಿಕೊಂಡಿತು.

"ಹೇಳಂಗಿಲ್ರೀ ಮೇಡಮ್," ಎಂದಳು ಅಂಬಿಕಾ, ಕಂಬಕ್ಕೆ ಚೆನ್ನಾಗಿ ಕೇಳುವ ಹಾಗೆ.